ಕಿವಿಯ ಸಂದಿಯಲ್ಲಿ ನಿಲ್ಲದ ಪೆನ್ಸಿಲ್

೪ ಫೆಬ್ರವರಿ, ಭಾನುವಾರ

ನನ್ನ ಮೊಂಡು ತಂಗಿ ಚೂಟಿಗೆ,

ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ನೀನೂ ಅತ್ತೆಯೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಅಂದುಕೊಳ್ಳದೆ ಇನ್ನೇನು ಮಾಡಲಿ, ನೀನು ಫೋನೇ ಎತ್ತುವುದಿಲ್ಲವಲ್ಲ! ಎತ್ತಿದರೆ ಅತ್ತೆ ಎತ್ತುತ್ತಾರೆ. "ಅವಳು ಗುಂಡಿ ಜೋಡಿಸ್ತಾ ಇದಾಳೆ ಕಣೇ, ಆಮೇಲೆ ಮಾಡು" ಎನ್ನುತ್ತಾರೆ. ಅತ್ತೆಯ ಹೊಲಿಗೆ ಅಂಗಡಿಯಲ್ಲಿ ಅಷ್ಟೊಂದು ಗುಂಡಿಗಳಿವೆಯೇ? ಈ ಹೊತ್ತಿಗೆ ನೀನು ಒಂದು ಊರಿನ ಅಂಗಿಗಳಿಗಾಗುವಷ್ಟು ಜೋಡಿಸಿರಬೇಕು.

ಬರೆಯಲು ತಡವಾಯಿತು, ಬೇಜಾರಾಗಬೇಡ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಸಿಟ್ಟಿತ್ತು. ನಾನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಆಚೆ ಬರುವಷ್ಟರಲ್ಲಿ ನೀನು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿಯಾಗಿತ್ತು. ಒಗೆದ ಬಟ್ಟೆಯನ್ನಾದರೂ ಒಣಗಲು ಬಿಟ್ಟು ಹೋಗಬಾರದಿತ್ತೇ? ಒದ್ದೆ ಒದ್ದೆಯಾಗಿ ಹಾಗೇ ತುರುಕಿಕೊಂಡು ಹೋಗಿದ್ದೀಯ.

ಈ ಪತ್ರವನ್ನು ನೀನು ಅತ್ತೆಗೂ ಓದಿ ಹೇಳುತ್ತೀಯೆಂದು ಗೊತ್ತು. ನಡೆದದ್ದು ಏನೆಂದು ನೀನಂತೂ ಅವರಿಗೆ ಬಾಯಿಬಿಟ್ಟಿರುವುದಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ, ಓದುವಾಗ ಹಾರಿಸಬೇಡ. ಅತ್ತೆ, ನಮ್ಮ ಪೆನ್ಸಿಲ್ ಕಾರ್ಖಾನೆಯಲ್ಲಿ ಎರಡು ತೆಳು ಹಲಗೆಗಳ ನಡುವೆ ಸೀಸದ ಕಡ್ಡಿಗಳನ್ನಿಟ್ಟು ಅಂಟಿಸುತ್ತಾರೆ. ಅಂಟಿದ ಹಲಗೆಯನ್ನು ಯಂತ್ರದೊಳಗೆ ಬಿಟ್ಟರೆ ಮೇಲಿನ ಬ್ಲೇಡು ಮೇಲರ್ಧವನ್ನೂ ಕೆಳಗಿನ ಬ್ಲೇಡು ಕೆಳಗರ್ಧವನ್ನೂ ಕೆತ್ತಿ, ಆಚೆ ಕಡೆ ಪೆನ್ಸಿಲ್‌ಗಳು ಉದುರುತ್ತವೆ. ಆ ಬ್ಲೇಡುಗಳನ್ನು ಅಳತೆಗೆ ಕೂರಿಸುವವಳು ನಿಮ್ಮ ಚೂಟಿ. ಹೋದ ತಿಂಗಳು ಒಂದು ಬೆಳಿಗ್ಗೆ ಅಳತೆ ಬೇರೆಯಾಗಿತ್ತು, ಯಾರೂ ಗಮನಿಸಲಿಲ್ಲ. ಊಟದ ಹೊತ್ತಿಗೆ ನೋಡಿದರೆ ರಾಶಿ ರಾಶಿ ಪೆನ್ಸಿಲ್, ಅಷ್ಟೂ ಮಾಮೂಲಿಗಿಂತ ಒಂದು ಚೂರು ದಪ್ಪ. ಮೇಸ್ತ್ರಿ ಎಲ್ಲರ ಎದುರಿಗೇ ಇವಳನ್ನು ನಿಲ್ಲಿಸಿಕೊಂಡು "ಹೇಗಾಯ್ತು ಇದು?" ಎಂದು ಕೂಗಾಡಿದರು. ಇವಳು ಹೇಳಿದ್ದು ಒಂದೇ ಮಾತು: "ಮರೆತೆ." ಮೇಸ್ತ್ರಿಗೆ ಇನ್ನಷ್ಟು ಏರಿತು. "ಮರೆಯೋಕೆ ಇದೇನು ಒಲೆ ಮೇಲಿಟ್ಟ ಹಾಲಾ?" ಅಂದರು. ಇವಳು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ನಡೆದೇಬಿಟ್ಟಳು. ನಾನು ಬರಹದ ಮೇಜಿನ ಹಿಂದೆ ಬಾಯಿ ತೆರೆದುಕೊಂಡು ಕೂತಿದ್ದೆ.

ಈಗ ಹೊಸ ಸುದ್ದಿ ಕೇಳು. ಆ ರಾಶಿಯನ್ನೆಲ್ಲ ಬಾಯ್ಲರಿಗೆ ಹಾಕಬೇಕೆಂದು ಮೇಸ್ತ್ರಿ ಗೋಣಿಚೀಲಕ್ಕೆ ತುಂಬಿಸಿಯೂ ಆಗಿತ್ತು. ಅಷ್ಟರಲ್ಲಿ ಯಜಮಾನಮ್ಮ ಬಂದರು. ಒಂದನ್ನು ತೆಗೆದು ಕೈಯಲ್ಲಿ ತೂಗಿ ನೋಡಿ, "ಮರ ಒಳ್ಳೇದು, ಸೀಸ ಒಳ್ಳೇದು. ದಪ್ಪ ಆಗಿದ್ದೇ ತಪ್ಪಾದ್ರೆ ಮೊದಲು ನನ್ನನ್ನ ಬಾಯ್ಲರಿಗೆ ಹಾಕ್ಬೇಕು" ಅಂದರು. ಎಲ್ಲರೂ ನಗು ತಡೆದುಕೊಳ್ಳಲು ಛಾವಣಿ ನೋಡಿದೆವು. ಕೊನೆಗೆ ತೀರ್ಮಾನವಾದದ್ದು ಇಷ್ಟು: ಪ್ರತಿಯೊಬ್ಬರೂ ಒಂದು ಕಟ್ಟು ಮನೆಗೆ ಒಯ್ಯಬೇಕು. ಈ ತಿಂಗಳು ಪೂರ್ತಿ ದಿನನಿತ್ಯದ ಬರಹಕ್ಕೆಲ್ಲ ಅದನ್ನೇ ಬಳಸಬೇಕು. ಕೊನೆಗೆ ಎಲ್ಲರೂ ಕೂತು ಹೇಳಬೇಕು, ಇದು ಬಾಳಿಕೆಗೆ ಬರುತ್ತದೋ ಇಲ್ಲವೋ. ಬಂದರೆ ಹೊಸ ಸರಕು, ಇಲ್ಲವಾದರೆ ಬಾಯ್ಲರು. ಹೋಗುವಾಗ ಮೇಸ್ತ್ರಿ ನನ್ನ ಮೇಜಿನ ಹತ್ತಿರ ನಿಂತು, ಬೇರೆ ಕಡೆ ನೋಡುತ್ತ, "ಸರಕು ಉಳಿದ್ರೆ ನಿನ್ನ ತಂಗಿ ಕೆಲಸಾನೂ ಉಳೀತು ಅಂತ ತಿಳ್ಕೋ" ಅಂದರು. ಹಾಗಾಗಿ ಚೂಟಿ, ಈ ತಿಂಗಳು ನಾನು ಪರೀಕ್ಷೆ ಮಾಡುತ್ತಿರುವುದು ಬರೀ ಪೆನ್ಸಿಲನ್ನಲ್ಲ.

ಕಣ್ಣಿಗೆ ಅದು ಹೇಗಿದೆಯೆಂದರೆ, ಮಾಮೂಲಿ ಪೆನ್ಸಿಲ್ ಅಜ್ಜಿಮನೆಗೆ ಹೋಗಿ ಎರಡು ತಿಂಗಳು ತಿಂದು ಬಂದ ಹಾಗಿದೆ. ಬಣ್ಣ ಬಳಿದಿಲ್ಲ, ಬರಿಯ ಮರ. ಆರು ಮೂಲೆ. ಮೊದಲ ತೊಂದರೆ ಮೊದಲ ನಿಮಿಷಕ್ಕೇ ಎದುರಾಯಿತು: ಅದು ಯಾವ ಶಾರ್ಪನರಿನೊಳಗೂ ಹೋಗದು. ಅಡುಗೆಮನೆಯ ಚಾಕು ತಂದು ಹೆರೆಯಬೇಕಾಯಿತು. ಎರಡನೆಯ ತೊಂದರೆ ಮೇಸ್ತ್ರಿಯದು. ಅವರಿಗೆ ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇರದಿದ್ದರೆ ತಲೆಯೇ ಓಡುವುದಿಲ್ಲ ತಾನೆ? ಇದು ಅಲ್ಲಿ ನಿಲ್ಲುವುದಿಲ್ಲ. ಸಿಕ್ಕಿಸುತ್ತಾರೆ, ಬೀಳುತ್ತದೆ. ಬಗ್ಗಿ ಎತ್ತಿಕೊಳ್ಳುತ್ತಾರೆ, ಮತ್ತೆ ಬೀಳುತ್ತದೆ. ಇಡೀ ದಿನ ಕಾರ್ಖಾನೆ ತುಂಬ ನಮಸ್ಕಾರ ಮಾಡಿಕೊಂಡು ಓಡಾಡಿದಂತಿತ್ತು.

ಒಂದು ವಿಷಯ ಮಾತ್ರ ನನಗೆ ತುಂಬ ಹಿಡಿಸಿತು. ಹೆರೆದ ತುದಿಯನ್ನು ಕಣ್ಣಿನೆದುರು ಹಿಡಿದು ತಿರುಗಿಸಿ ನೋಡಿದೆ. ಸೀಸ ಸರಿಯಾಗಿ ನಟ್ಟನಡುವೆ ಇದೆ. ಸುತ್ತಲೂ ಮರ ಒಂದೇ ಸಮ. ನಮ್ಮ ಒಳ್ಳೆಯ ಸರಕಿನಲ್ಲೂ ಇಷ್ಟು ಚೊಕ್ಕ ಸಿಗುವುದು ಅಪರೂಪ. ಇದ್ಯಾವ ಸೀಮೆ ತಪ್ಪಪ್ಪಾ ಅನ್ನಿಸಿತು.

ಆಮೇಲೆ ಬರೆಯಲು ಕೂತೆ. ಏನು ಬರೆಯುವುದು? ಕೈ ತಾನಾಗಿಯೇ ನಮ್ಮ ಮೇಜಿನ ವಾಕ್ಯವನ್ನು ಬರೆಯಿತು: "ದೊಡ್ಡ ಅಜ್ಜಿ ಅಟ್ಟದ ಮೇಲೆ ಹಳೆಯ ಛತ್ರಿ ಹುಡುಕಿದಳು." ಅತ್ತೆ, ಪ್ರತಿ ಪೆನ್ಸಿಲ್ ಕಟ್ಟಿನಿಂದ ಒಂದನ್ನು ತೆಗೆದು, ಹೆರೆದು, ಈ ವಾಕ್ಯ ಬರೆದು, ಕಪ್ಪು ಸಾಕೇ, ಮುರಿಯುತ್ತದೆಯೇ, ಕೆರೆಯುತ್ತದೆಯೇ ಎಂದು ನೋಡುವುದೇ ನನ್ನ ಕೆಲಸ. ವರ್ಷಗಟ್ಟಲೆ ಬರೆದಿದ್ದೇನೆ, ಆ ಮುದುಕಿಗೆ ಇನ್ನೂ ಛತ್ರಿ ಸಿಕ್ಕಿಲ್ಲ. ಆದರೆ ಇದು ದಿನನಿತ್ಯದ ಬರಹ ಅಲ್ಲವಲ್ಲ. ಯೋಚಿಸಿದರೆ ತಮಾಷೆ ಅನ್ನಿಸಿತು. ಇಷ್ಟು ವರ್ಷ ಪೆನ್ಸಿಲ್ ಹಿಡಿದು ಕೂತವಳಿಗೆ ತನ್ನದು ಅಂತ ಬರೆಯಲು ಏನೂ ಇಲ್ಲ! ಹಾಲಿನವನಿಗೆ "ನಾಳೆ ಅರ್ಧ ಸಾಕು" ಎಂದು ಚೀಟಿ ಬರೆದೆ. ಅರ್ಧ ಯಾಕೆಂದು ನಿನಗೆ ಗೊತ್ತಲ್ಲ. ಅಲ್ಲಿಗೆ ದಿನನಿತ್ಯದ ಬರಹ ಮುಗಿಯಿತು. ಆಗ ನಿನ್ನ ನೆನಪಾಯಿತು. ಯಜಮಾನಮ್ಮನ ಅಪ್ಪಣೆ ಪಾಲಿಸಲಿಕ್ಕಾದರೂ ನಿನಗೆ ಬರೆಯಲೇಬೇಕು ಎಂದು ಕೂತರೆ, ನೋಡು, ಹಾಳೆಗಳೇ ತುಂಬಿವೆ.

ಅತ್ತೆಗೆ ನಮಸ್ಕಾರ. ನೂರು ಕಾಲ ಸುಖವಾಗಿರು, ಆದರೆ ಮಧ್ಯೆ ಮಧ್ಯೆ ಫೋನೂ ಎತ್ತು.

ಇಂತು,
ನಿನ್ನ ಅಕ್ಕ

ಮರೆತ ಮಾತು: ಸಂಜೆ ಮನೆಗೆ ಬಂದರೆ ಒಲೆಯ ಮೇಲೆ ಬಿಸಿನೀರಿಲ್ಲ. ಪಾತ್ರೆ ತೊಳೆಯಲು ಬಿಸಿನೀರೇ ಬೇಕೆಂದು ದಿನಾ ಒಂದು ದೊಡ್ಡ ಪಾತ್ರೆ ತುಂಬ ಕಾಯಿಸಿಡುತ್ತಿದ್ದೆಯಲ್ಲ, ಗ್ಯಾಸು ದಂಡ ಮಾಡುತ್ತೀಯೆಂದು ನಾನು ಬೈಯುತ್ತಿದ್ದೆನಲ್ಲ. ಈಗ ಗ್ಯಾಸು ಉಳಿಯುತ್ತಿದೆ. ಯಾಕೋ ಖುಷಿಯಾಗುತ್ತಿಲ್ಲ.


೧೪ ಫೆಬ್ರವರಿ, ಬುಧವಾರ

ಪ್ರೀತಿಯ ಚೂಟಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾರ್ಡು ಬಂತು. ಇಷ್ಟು ಚಿಕ್ಕ ಕಾರ್ಡಿನಲ್ಲೂ ಅರ್ಧ ಜಾಗ ಖಾಲಿ ಬಿಡಲು ನಿನ್ನಿಂದ ಮಾತ್ರ ಸಾಧ್ಯ. "ಚೆನ್ನಾಗಿದ್ದೇನೆ. ಆ ಪೆನ್ಸಿಲ್ ಸುದ್ದಿ ನನಗೆ ಬೇಡ. ನಿನ್ನ ಅಕ್ಷರ ಚೆನ್ನಾಗಿ ಬಂದಿದೆ. ಪತ್ರ ಒಂದೇ ಸಲಕ್ಕೆ ಬರೆದೆಯಾ, ನಡುವೆ ನಿಲ್ಲಿಸಿದೆಯಾ?" ಇಷ್ಟೇ. ಸುದ್ದಿ ಬೇಡ ಎಂದ ಮೇಲೆ ಅದೆಂಥ ಪ್ರಶ್ನೆಯೇ ಅದು? ಒಂದೇ ಸಲಕ್ಕೆ ಬರೆದೆ. ನೀನು ಕೇಳಿದ ಮೇಲೇ ನನಗೆ ಹೊಳೆದದ್ದು. ಕೈ ಕೊಡವಲಿಲ್ಲ, ಎದ್ದು ಓಡಾಡಲಿಲ್ಲ. ಕೊನೆಯ ಹಾಳೆ ಮುಗಿದಾಗ ಇನ್ನೊಂದು ಹಾಳೆಗೆ ಕೈಚಾಚಿದ್ದೆ.

ಅಂದಿನಿಂದ ನನಗೊಂದು ಹುಚ್ಚು ಹತ್ತಿದೆ. ಈ ಪೆನ್ಸಿಲ್ ಯಾರ ಕೈಯಲ್ಲಿ ಏನಾಗುತ್ತದೆ ಎಂದು ನೋಡುವ ಹುಚ್ಚು. ನನ್ನ ಕೈಯಲ್ಲಿ ಅಕ್ಷರಗಳು ದುಂಡಗಾಗಿವೆ. ಮೊದಲಿನಂತೆ ಒಂದರ ಮೇಲೊಂದು ಬಿದ್ದು ಓಡುವುದಿಲ್ಲ, ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ ಜಾಗ ಬಿಟ್ಟು ಕೂರುತ್ತವೆ. ಬಿಗಿಯಾಗಿ ಹಿಡಿಯಲು ಹೋದರೆ ಪೆನ್ಸಿಲೇ ಒಪ್ಪುವುದಿಲ್ಲ. ಬೆರಳು ಸಡಿಲ ಬಿಟ್ಟರೆ ತಾನೇ ನಡೆಯುತ್ತದೆ. ಕಾಗದ ಬೇಗ ಖರ್ಚಾಗುತ್ತದೆ ಎಂಬುದೊಂದೇ ದೂರು.

ಅಂಟಿನ ವಿಭಾಗದ ನಮ್ಮ ಗೋಂದಕ್ಕನನ್ನು ಕೇಳಿದೆ, "ನೀವೇನು ಬರೆದ್ರಿ?" ಅಂತ. "ಬರೆಯೋದಾ? ಇಲ್ನೋಡು" ಎಂದು ತಿರುಗಿ ನಿಂತಳು. ತುರುಬಿಗೆ ಅಡ್ಡಲಾಗಿ ಪೆನ್ಸಿಲ್ ಚುಚ್ಚಿಕೊಂಡಿದ್ದಾಳೆ! "ಸಣ್ಣ ಪೆನ್ಸಿಲ್ ಆದ್ರೆ ಜಾರುತ್ತೆ ಕಣೇ. ಇದು ಸಂಜೆವರೆಗೂ ಅಲ್ಲಾಡಲ್ಲ. ಇದನ್ನ ಪಾಸು ಮಾಡ್ಬೇಕು" ಅಂದಳು. ಅದನ್ನು ನನ್ನ ವರದಿಯಲ್ಲಿ ಹೇಗೆ ಬರೆಯಲಿ, ನೀನೇ ಹೇಳು.

ನಮ್ಮ ಮಹಡಿ ಮೇಷ್ಟ್ರಿಗೂ ಒಂದು ಕೊಟ್ಟೆ. ನಿವೃತ್ತಿಯಾದ ಮೇಲೆ ಅವರಿಗಿರುವ ಒಂದೇ ಉದ್ಯೋಗ ಪೇಪರಿನ ಪದಬಂಧ. ಮಾರನೆಯ ದಿನ ಮೆಟ್ಟಿಲ ಮೇಲೇ ಹಿಡಿದುಕೊಂಡರು. "ಏನಮ್ಮಾ ಇದು, ಪೆನ್ಸಿಲ್ಲೋ ಒನಕೆಯೋ? ಅಕ್ಷರ ಮನೆಯಿಂದ ಆಚೆ ಬರ್ತಾವೆ!" ಎಂದು ಪದಬಂಧ ತೋರಿಸಿದರು. ನಿಜ, ಆ ಪುಟ್ಟ ಚೌಕಗಳಲ್ಲಿ ಅಕ್ಷರಗಳು ಕೈಕಾಲು ಹೊರಗೆ ಚಾಚಿಕೊಂಡು ಮಲಗಿದ್ದವು. "ಹಾಗಾದ್ರೆ ವಾಪಸ್ ಕೊಡಿ ಮೇಷ್ಟ್ರೇ" ಎಂದೆ. "ಇರ್ಲಿ, ಇರ್ಲಿ" ಎಂದು ಜೇಬಿಗೆ ಹಾಕಿಕೊಂಡು ಹೋದರು. ಎರಡು ದಿನ ಬಿಟ್ಟು ನೋಡಿದರೆ ಪದಬಂಧ ಬಿಟ್ಟು ಅಂಚಿನಲ್ಲೇ ಪೇಪರಿನ ಸಂಪಾದಕರಿಗೆ ಬೈಗುಳ ಬರೆಯುತ್ತಿದ್ದಾರೆ. ಸೊಗಸಾಗಿ ಬರುತ್ತಿದೆಯಂತೆ.

ಮೇಸ್ತ್ರಿಯ ಕಿವಿಯ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಅವರು ಈ ಪೆನ್ಸಿಲಿನ ಮೇಲೆ ಹಲ್ಲು ಕಡಿಯುತ್ತಲೇ ಇದ್ದಾರೆ. "ಇದನ್ನ ಯಾರು ತಗೊಳ್ತಾರೆ? ಶಾರ್ಪನರಿಗೆ ಹೋಗಲ್ಲ, ಡಬ್ಬಿಗೆ ಹಿಡಿಯಲ್ಲ, ಕಿವೀಲಿ ನಿಲ್ಲಲ್ಲ" ಎಂದು ಮಧ್ಯಾಹ್ನದ ಊಟದಲ್ಲೂ ಅದೇ ರಾಗ. ಅವರ ಮಾತಿಗೆ ತಲೆಯಾಡಿಸುವವರೇ ಜಾಸ್ತಿ. ನನಗೆ ಒಳಗೊಳಗೇ ದಿಗಿಲು. ಹೀಗೇ ಆದರೆ ಚೀಲಗಳು ಬಾಯ್ಲರಿಗೆ, ನೀನು ಕಾಯಮ್ಮಾಗಿ ಗುಂಡಿಗಳಿಗೆ.

ಚೂಟಿ, ನನ್ನ ತಲೆಗೆ ಒಂದು ಹುಳ ಹೊಕ್ಕಿದೆ, ಆಚೆ ಹೋಗುತ್ತಿಲ್ಲ. ಹೆರೆದ ಪ್ರತಿ ಪೆನ್ಸಿಲನ್ನೂ ನೋಡುತ್ತಿದ್ದೇನೆ. ನನ್ನ ಕಟ್ಟು, ಗೋಂದಕ್ಕನ ಕಟ್ಟು, ಮೇಷ್ಟ್ರಿಗೆ ಕೊಟ್ಟದ್ದು, ಎಲ್ಲದರಲ್ಲೂ ಸೀಸ ನಟ್ಟನಡುವೆ. ಒಂದರಲ್ಲಾದರೂ ಅತ್ತಿತ್ತ ಸರಿದಿರಬೇಕಲ್ಲವೇ? ಹೋದ ವರ್ಷ ಮೇಲಿನ ಬ್ಲೇಡು ಸಡಿಲವಾದಾಗ ಹೇಗಾಗಿತ್ತು, ನೆನಪಿದೆಯಾ? ಒಂದು ಕಡೆ ಮರ ಗಜಗಾತ್ರ, ಇನ್ನೊಂದು ಕಡೆ ಸಿಪ್ಪೆಯಷ್ಟು ತೆಳು. ಹೆರೆದರೆ ಸೀಸ ಪಟ್ಟೆಂದು ಮುರಿಯುತ್ತಿತ್ತು. ಅಳತೆ ತಪ್ಪಿದರೆ ಆಗುವುದು ಹಾಗೆ. ಇದು ದಪ್ಪವೂ ಆಗಿದೆ, ಚೊಕ್ಕವಾಗಿಯೂ ಇದೆ.

ಇದನ್ನು ಎಣ್ಣೆ ತಾತನ ಹತ್ತಿರ ಕೇಳಿದೆ. ಅತ್ತೆ, ತಾತ ಅಂದರೆ ಯಂತ್ರಗಳಿಗೆಲ್ಲ ಎಣ್ಣೆ ಬಿಡುವ ಹಿರಿಯರು, ಚೂಟಿಗೆ ಬ್ಲೇಡು ಕೂರಿಸಲು ಕಲಿಸಿದವರು. ಅವರು ಎಣ್ಣೆ ಬಿಡುತ್ತಿದ್ದವರು ಹಾಗೇ ನಿಂತರು. ನನ್ನ ಮುಖ ನೋಡಿದರು, ಆಮೇಲೆ ನನ್ನ ಬಲಗೈ ನೋಡಿದರು. "ನನ್ನನ್ನ ಯಾಕಮ್ಮಾ ಕೇಳ್ತೀಯ. ನಿನ್ನ ತಂಗೀನೇ ಕೇಳು" ಎಂದು ಯಂತ್ರದ ಅಡಿಗೆ ನುಗ್ಗಿದರು. ನಾನು ಅಲ್ಲೇ ನಿಂತಿರುವುದು ಗೊತ್ತಿದ್ದೂ ಆಚೆ ಬರಲೇ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಮರೆತು ಹೋದ ಬ್ಲೇಡು ಇಷ್ಟು ಸರಿಯಾಗಿ ಹೇಗೆ ಕೂತಿತ್ತು?

ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ಜೊತೆಗೆ ಒಂದು ದೊಡ್ಡ ಕಾರ್ಡೂ ಕೊಡಲಿ.

ಇಂತು,
ನಿನ್ನ ಅಕ್ಕ

ಮರೆತ ಮಾತು: ನಿನ್ನ ಏಪ್ರನ್ ಇನ್ನೂ ಅದೇ ಮೊಳೆಯಲ್ಲಿದೆ. ಯಾರೂ ಮುಟ್ಟಿಲ್ಲ. ಮೇಸ್ತ್ರಿ ಆ ಕಡೆಯಿಂದ ಹೋಗುವಾಗ ಅದಕ್ಕೆ ತಗುಲದ ಹಾಗೆ ಸ್ವಲ್ಪ ಸರಿದು ಹೋಗುತ್ತಾರೆ.


೧ ಮಾರ್ಚ್, ಶುಕ್ರವಾರ

ನನ್ನ ಚೂಟಿಗೆ,

ಅಕ್ಕನ ಆಶೀರ್ವಾದಗಳು. ನೀನು ಉತ್ತರ ಬರೆಯಲಿಲ್ಲ. ಪರವಾಗಿಲ್ಲ, ಉತ್ತರ ನನಗೇ ಸಿಕ್ಕಿತು. ತೀರ್ಪಿನ ದಿನ ಮುಗಿಯಲಿ ಎಂದು ಕಾದೆ, ಅದಕ್ಕೇ ತಡವಾಯಿತು. ನಿಧಾನವಾಗಿ ಕೂತು ಓದು. ಅತ್ತೆಗೆ ಎಷ್ಟು ಓದಿ ಹೇಳಬೇಕೋ ನಿನಗೆ ಬಿಟ್ಟದ್ದು.

ಮೊದಲು ನಗುವ ಸುದ್ದಿ. ತೀರ್ಪಿಗೆ ಮುಂಚೆ ಯಜಮಾನಮ್ಮ ಒಂದು ಮಾತು ಕೇಳಿದರು: "ಎಲ್ಲರೂ ಚೆನ್ನಾಗಿದೆ ಅಂದ್ರೆ ಮತ್ತೆ ಮಾಡ್ಬೇಕಾಗುತ್ತಲ್ಲ. ಮಾಡೋಕಾಗುತ್ತಾ?" ಮೇಸ್ತ್ರಿ ಎದೆಯುಬ್ಬಿಸಿ, "ತಪ್ಪಾಗಿ ಬಂದಿದ್ದನ್ನ ಸರಿಯಾಗಿ ಮಾಡೋಕೆ ಏನು ಕಷ್ಟ?" ಎಂದು ಅಂಗಿಯ ತೋಳು ಮಡಚಿಕೊಂಡು ಯಂತ್ರದ ಹತ್ತಿರ ಹೋದರು. ಮೊದಲ ಸಲ ಸೀಸ ಬಲಕ್ಕೆ ಬಂತು. ಎರಡನೆಯ ಸಲ ಮೇಲಕ್ಕೆ. ಆಮೇಲೆ ಒಂದು ಸಲ ಮರವೇ ಸೀಳಿಹೋಯಿತು. ಪ್ಯಾಕಿಂಗಿನವರು ಒಬ್ಬೊಬ್ಬರಾಗಿ ಬಂದು ಸಲಹೆ ಕೊಟ್ಟರು. ಸಂಜೆಯ ಹೊತ್ತಿಗೆ ಸಲಹೆ ಕೊಟ್ಟವರಿಗೂ ಮೇಸ್ತ್ರಿಗೂ ಮಾತೇ ಇರಲಿಲ್ಲ. ಎಣ್ಣೆ ತಾತ ಮಾತ್ರ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಮಾಡುತ್ತಿರಲಿಲ್ಲ. ತುಟಿಯಲ್ಲಿ ನಗುವಿತ್ತು.

ಅದನ್ನೆಲ್ಲ ನೋಡುತ್ತ ನಿಂತಾಗ ನನ್ನ ತಲೆಯೊಳಗಿನ ಹುಳ ಒಂದು ಕಡೆ ಬಂದು ಕೂತಿತು. ಅಷ್ಟು ಜನ ಬೇಕೆಂದು ಕೂರಿಸಿದರೂ ಆಗದ ಅಳತೆ, ಮರೆವಿನಿಂದ ಆಗುವುದು ಸಾಧ್ಯವೇ ಇಲ್ಲ. ಮೇಲಿನ ಬ್ಲೇಡನ್ನು ಒಂದು ಚೂರು ಎತ್ತಿ, ಕೆಳಗಿನದನ್ನು ಅಷ್ಟೇ ಇಳಿಸಿ, ಹೆರೆದು ನೋಡಿ, ಮತ್ತೆ ಸರಿಮಾಡಿ, ಯಾರೋ ಕೂತು ಮನಸ್ಸಿಟ್ಟು ಮಾಡಿದ ಕೆಲಸ ಅದು. ನಾನು ಎರಡು ಲೋಟ ಚಹಾ ತೆಗೆದುಕೊಂಡು ತಾತನ ಪಕ್ಕ ಕೂತೆ. "ತಾತ, ನೀವು ಹೇಳ್ಬೇಡಿ. ನಾನು ಹೇಳ್ತೀನಿ, ಸುಳ್ಳಾದ್ರೆ ಮಾತ್ರ ಬೇಡ ಅನ್ನಿ" ಎಂದೆ. ಅವರು ಲೋಟ ತೆಗೆದುಕೊಂಡರು.

"ಚೂಟಿ ಹಿಂದಿನ ದಿನ ಕೆಲಸ ಮುಗಿದ ಮೇಲೆ ಉಳ್ಕೊಂಡಿದ್ಲು." ಸುಮ್ಮನಿದ್ದರು. "ಒಂದು ಹಿಡಿ ಪೆನ್ಸಿಲ್ ದಪ್ಪಗೆ ಮಾಡ್ಕೊಂಡ್ಲು. ಅಳತೆ ಕೂರಿಸೋಕೆ ಎಷ್ಟೋ ಹಲಗೆ ಹಾಳು ಮಾಡಿದ್ಲು." ಚಹಾ ಊದಿದರು. "ಕೊನೆಗೆ ಸರಿಯಾಗಿ ಬಂದ ಖುಷೀಲಿ ಬ್ಲೇಡು ಹಳೇ ಜಾಗಕ್ಕೆ ತರೋದನ್ನ ಮರೆತು ಮನೆಗೆ ಬಂದ್ಲು. ಮರೆತಿದ್ದು ಅಷ್ಟೇ." ತಾತ ಲೋಟ ಕೆಳಗಿಟ್ಟರು. "ನನ್ನಿಂದ ಮಾತು ತಗೊಂಡಿದಾಳಮ್ಮ, ಯಾರಿಗೂ ಹೇಳ್ಬಾರ್ದು ಅಂತ. ನೀನೇ ಹೇಳ್ದೆ, ನಾನಲ್ಲ" ಎಂದು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಬಲಗೈಯನ್ನು ತಮ್ಮ ಎಣ್ಣೆ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಟ್ಟರು. ಒಡೆಯುವ ವಸ್ತುವನ್ನು ಇಡುವ ಹಾಗೆ.

ಆಗ ಉಳಿದದ್ದೂ ತಿಳಿಯಿತು ಕಣೇ. ಆ ಪೆನ್ಸಿಲ್ ನನಗಾಗಿ ಎಂದು ನೀನು ಹೇಳಿದ್ದರೆ, ಯಾಕೆ ಎಂದು ಮೇಸ್ತ್ರಿ ಕೇಳುತ್ತಿದ್ದರು. ಯಾಕೆ ಎಂದು ಹೇಳಿದ್ದರೆ ಬರಹದ ಮೇಜಿನಿಂದ ನನ್ನನ್ನು ಎಬ್ಬಿಸುತ್ತಿದ್ದರು. ನೋಯುವ ಬೆರಳಿನವಳು ಪೆನ್ಸಿಲ್ ಕೆರೆಯುತ್ತದೋ ಇಲ್ಲವೋ ಎಂದು ಹೇಗೆ ಹೇಳಿಯಾಳು? ಅದಕ್ಕೇ ನೀನು "ಮರೆತೆ" ಎಂಬ ಒಂದೇ ಮಾತಿನ ಮೇಲೆ ನಿಂತೆ. ಅಷ್ಟು ಜನರೆದುರು ಬೈಸಿಕೊಂಡೆ. ನಾನೂ ಎದುರಿಗೇ ಇದ್ದೆ.

ನಿನ್ನೆ ತೀರ್ಪು. ಪ್ಯಾಕಿಂಗ್ ಕೋಣೆಯಲ್ಲಿ ಡಬ್ಬಗಳ ಮೇಲೆ ಎಲ್ಲರೂ ಕೂತಿದ್ದೆವು. ಗೋಂದಕ್ಕ ತುರುಬು ತೋರಿಸಿ ಭಾಷಣ ಮಾಡಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮೇಸ್ತ್ರಿ ಎದ್ದರು. "ತಮಾಷೆ ಸಾಕು. ಬರೆಯೋಕೆ ಅಂತ ಇದನ್ನ ಅಂಗಡೀಲಿ ಕೇಳಿ ತಗೊಳ್ಳೋರು ಯಾರು? ಒಬ್ಬರನ್ನ ತೋರ್ಸಿ" ಅಂದರು. ಯಜಮಾನಮ್ಮ ಗೋಣಿಚೀಲಗಳ ಕಡೆ ನೋಡಿದರು. ಬಾಯ್ಲರು ಗೋಡೆಯ ಆಚೆಗೇ ಗುರುಗುಟ್ಟುತ್ತಿತ್ತು.

ನಾನು ಎದ್ದೆ. "ನಾನಿದೀನಿ" ಎಂದೆ. ಬಲಗೈ ಮುಂದೆ ಹಿಡಿದೆ. ಹೆಬ್ಬೆರಳಿನ ಬುಡ ಊದಿರುವುದನ್ನು, ನಡುಬೆರಳು ಪೂರ್ತಿ ಮಡಚಲು ಬಾರದ್ದನ್ನು ತೋರಿಸಿದೆ. ಸಣ್ಣ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದರೆ ಮೊಣಕೈವರೆಗೂ ಜುಮ್ಮೆನ್ನುತ್ತದೆ, ಮೇಜಿನ ಕೆಳಗೆ ಕೈ ಇಟ್ಟು ಒತ್ತಿಕೊಂಡು ಮತ್ತೆ ಬರೆಯುತ್ತೇನೆ, ಎಷ್ಟೋ ಕಾಲದಿಂದ ಹೀಗೇ ಎಂದೆ. ಈ ಪೆನ್ಸಿಲಿನಲ್ಲಿ ತಂಗಿಗೆ ಹಾಳೆಗಟ್ಟಲೆ ಪತ್ರ ಬರೆದಿದ್ದೇನೆ, ಒಂದು ಸಲವೂ ನಿಲ್ಲಿಸಲಿಲ್ಲ ಎಂದೆ. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂಬುದನ್ನೂ ಹೇಳಿದೆ.

ಮೇಸ್ತ್ರಿಯ ಕೈಯಿಂದ ಪೆನ್ಸಿಲ್ ಬಿತ್ತು. ಈ ಸಲ ಬಗ್ಗಲಿಲ್ಲ. "ಇಷ್ಟು ದಿನ ಹೇಳ್ಲಿಲ್ಲ ಯಾಕೆ?" ಅಂದರು. "ಹೇಳಿದ್ರೆ ಆ ಮೇಜಲ್ಲಿ ಕೂರಿಸ್ತಿದ್ರಾ?" ಎಂದೆ. ಯಜಮಾನಮ್ಮ ನನ್ನ ಕೈ ತಿರುಗಿಸಿ ನೋಡಿ, "ಇಂಥ ಬೆರಳು ಈ ಊರಲ್ಲಿ ಇವಳೊಬ್ಬಳಿಗೇ ಇದೆಯಾ? ನಮ್ಮತ್ತೆಗೆ ಇದೆ, ನನಗೂ ಶುರುವಾಗಿದೆ. ಅಂಗಡೀಲಿ ಕೇಳೋರು ಯಾರು ಅಂತ ಇನ್ಮೇಲೆ ಕೇಳ್ಬೇಡ" ಎಂದು ಮೇಸ್ತ್ರಿಗೆ ಹೇಳಿದರು. ಅಲ್ಲಿಗೆ ತೀರ್ಪಾಯಿತು. ಚೀಲಗಳು ಬಣ್ಣದ ಕೋಣೆಗೆ ಹೋದವು.

ನನ್ನ ಕೆಲಸ ಮುಂದೆ ಏನಾಗುತ್ತದೋ ಇನ್ನೂ ಪೂರ್ತಿ ಗೊತ್ತಿಲ್ಲ, ಸದ್ಯಕ್ಕೆ ಇಷ್ಟು. ಸಣ್ಣ ಪೆನ್ಸಿಲಿನ ಪರೀಕ್ಷೆ ಬೇರೆಯವರಿಗೆ ಹೋಗುತ್ತದೆ, ದಪ್ಪನೆಯದು ನನಗೆ. ಅರ್ಧ ಮೇಜು ಹೋಯಿತು, ಅರ್ಧ ಉಳಿಯಿತು. ಸಂಕಟವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಇವತ್ತು ಕೈಯನ್ನು ಮೇಜಿನ ಮೇಲೇ ಇಟ್ಟುಕೊಂಡು ಒತ್ತಿಕೊಂಡೆ. ಎಲ್ಲರೂ ನೋಡಿದರು, ತಮ್ಮ ಪಾಡಿಗೆ ತಾವು ಕೆಲಸ ಮಾಡಿದರು. ಅಷ್ಟೇ ಆಗಿದ್ದು. ಅದಕ್ಕಾಗಿ ಅಷ್ಟೊಂದು ಹೆದರಿದ್ದೆನೇ ಎಂದು ನನಗೇ ಆಶ್ಚರ್ಯ.

ಸಂಜೆ ಮೇಸ್ತ್ರಿ ಬಂದು, ನನ್ನ ಪರೀಕ್ಷೆಯ ಹಾಳೆ ನೋಡುವವರಂತೆ ನಿಂತರು. "ಆ ಅಳತೆ ನಮಗ್ಯಾರಿಗೂ ಬರ್ತಿಲ್ಲ. ಏಪ್ರನ್ ಅಲ್ಲೇ ಇದೆ ಅಂತ ತಿಳಿಸು" ಅಂದರು. ಕಿವಿಯ ಸಂದಿ ಕೆರೆದುಕೊಳ್ಳುತ್ತ, "ನಾನು ಕೂಗಾಡಿದ್ದು ಜಾಸ್ತಿಯಾಯ್ತು ಅಂತಾನೂ ಬರಿ" ಅಂದರು. ಬರೆದಿದ್ದೇನೆ. ಆಮೇಲೆ ಹಾಳೆಯ ಮೇಲೆ ಅವರ ಕಣ್ಣು ಬಿತ್ತು. ನಾನು ದಪ್ಪ ಪೆನ್ಸಿಲಿನಲ್ಲಿ ಮಾಮೂಲಿ ವಾಕ್ಯ ಬರೆದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೆ: "ಛತ್ರಿ ಅವಳ ಕಂಕುಳಲ್ಲೇ ಇತ್ತು." ಮೇಸ್ತ್ರಿ ಎರಡು ಸಲ ಓದಿದರು. "ಅಬ್ಬ, ಅಂತೂ ಸಿಕ್ತಲ್ಲ" ಎಂದು ಹೊರಟುಹೋದರು.

ಅತ್ತೆಗೆ ನನ್ನ ನಮಸ್ಕಾರ ಹೇಳು, ಗುಂಡಿಗಳನ್ನು ಅವರಿಗೆ ಲೆಕ್ಕ ಒಪ್ಪಿಸು. ನಿನ್ನ ಕೈಗೆ ಎಂದೂ ನೋವು ಬಾರದಿರಲಿ, ನಿನ್ನ ಬಾಯಿಗೆ ಇನ್ನಾದರೂ ಮಾತು ಬರಲಿ.

ಇಂತು,
ನಿನ್ನ ಅಕ್ಕ

ಮರೆತ ಮಾತು, ಇದನ್ನು ಮಾತ್ರ ನೀನೊಬ್ಬಳೇ ಓದು: ಇವತ್ತೂ ಪಾತ್ರೆ ತೊಳೆಯಲು ಹೋಗಿ ತಣ್ಣೀರಿಗೆ ಕೈ ಹಾಕಿದೆ. ಎಂದಿನಂತೆ ಬೆರಳುಗಳು ಸೆಟೆದು ನಿಂತವು. ತಟ್ಟನೆ ಹೊಳೆದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಬಿಸಿನೀರು ಪಾತ್ರೆಗಳಿಗಾಗಿ ಇರಲಿಲ್ಲ, ಅಲ್ಲವೇನೇ? ನಾನು ಯಾರಿಗೂ ಗೊತ್ತಿಲ್ಲ ಎಂದುಕೊಂಡು ಆ ನೀರಿನಲ್ಲಿ ಕೈ ಮುಳುಗಿಸಿ, ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಉಜ್ಜುತ್ತಿದ್ದೆ. ನೀನು ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. "ಕೈ ನೋಯುತ್ತಾ ಅಕ್ಕ" ಎಂದು ನೀನು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತೇನೆಂದು ನಿನಗೆ ಗೊತ್ತಿತ್ತು. ಈಗ ಬಂದು ಕೇಳು. ಹೌದು ಅನ್ನುತ್ತೇನೆ.